ಕುದುರೆಯ ಮುಖ ಹೊಳೆಯ ಕಡೆಗೆ

ಮಾವ,

ಹೊಸಪೇಟೆಯ ಪ್ರೆಸ್ಸಿನವರು ಇವತ್ತೂ ಫೋನ್ ಮಾಡಿದ್ದರು. ನಿನ್ನ ಪುಸ್ತಕದ ಕೊನೆಯ ಅಧ್ಯಾಯ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟು ಹಿಡಿದು, "ಅಚ್ಚು ಹಾಕ್ಸು. ಒಂದಕ್ಷರ ಮುಟ್ಟಬ್ಯಾಡ" ಅಂದಿದ್ದೆ. ಮುಟ್ಟುವ ಉದ್ದೇಶ ನನಗೂ ಇರಲಿಲ್ಲ. ಅದರಲ್ಲಿ ಬರುವ ವೀರಗಲ್ಲಿನ ಒಂದು ಫೋಟೊ ಬೇಕಿತ್ತು, ಅದಕ್ಕೆಂದು ತಂಬ್ರಹಳ್ಳಿಯ ಆಚೆಯ ಆ ದಿನ್ನೆಗೆ ಹೋದೆ. ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಕರ್ನಲ್ ಆಗಿ ನಿವೃತ್ತನಾಗಿ ನೀನು ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ಇಳಿದ ಬೆಳಿಗ್ಗೆ ನೆನಪಾಗುತ್ತದೆ. ಕಬ್ಬಿಣದ ಟ್ರಂಕನ್ನು ಹಮಾಲನಿಗೆ ಮುಟ್ಟಗೊಡಲಿಲ್ಲ. ಹೊಲ ಕೊಳ್ಳುತ್ತಾನೆ ಅಂದರು, ಎಲೆಕ್ಷನ್ನಿಗೆ ನಿಲ್ಲುತ್ತಾನೆ ಅಂದರು. ನೀನು ಕೋಲು ಹಿಡಿದು ಹರಪನಹಳ್ಳಿಯಿಂದ ಕೊಟ್ಟೂರಿನವರೆಗೆ ಹಳೆಯ ಕಾಳಗಗಳ ನೆಲ ಹುಡುಕುತ್ತ ಹೊರಟೆ. ಕಾಳಗದ ಬಗ್ಗೆ ಬರೆಯುವವನು ಮೊದಲು ಆ ನೆಲ ನಡೆಯಬೇಕು, ಕೋಣೆಯಲ್ಲಿ ಕೂತು ಬರೆದದ್ದು ಸತ್ತವರಿಗೆ ಮಾಡಿದ ಮೋಸ. ಎಷ್ಟು ಸಲ ಹೇಳಿದ್ದೆ ನೀನು ಇದನ್ನು? ಊಟದ ನಡುವೆ, ಬಸ್ಸಿನಲ್ಲಿ, ಕ್ಷೌರ ಮಾಡಿಸಿಕೊಳ್ಳುವಾಗಲೂ.

ಕೂಡ್ಲಿಗಿಯ ಆ ಮನೆಗೆ ನನ್ನನ್ನು ಕರೆದುಕೊಂಡು ಹೋದ ಮಧ್ಯಾಹ್ನ ನನಗೆ ಅರ್ಧ ಮಾತ್ರ ಅರ್ಥವಾಗಿತ್ತು. ನಿನ್ನ ತುಕಡಿಯ ಸಿಪಾಯಿಯೊಬ್ಬನ ಮನೆ ಅದು. ಅವನು ಸತ್ತದ್ದು ಮೇಲಿನ ಗುಡ್ಡದಲ್ಲಿ, ನಿನ್ನ ಕಣ್ಣೆದುರಿಗೆ. ವರದಿ ಬರೆದವರು ಕಾಗದದ ಮೇಲೆ ಅವನನ್ನು ಕೆಳಗಿನ ಠಾಣೆಯಲ್ಲಿ ಸಾಯಿಸಿದ್ದರು. ತಿದ್ದಿಸಲು ಎಷ್ಟು ಬಾಗಿಲು ತಟ್ಟಿದೆಯೋ... ತಿದ್ದಲಿಲ್ಲ. ನೀನು ಚರಿತ್ರೆಗೆ ಬಂದದ್ದು ಆ ಸಿಟ್ಟಿನಿಂದಲೇ ಅಲ್ಲವೇ? ಅವನ ತಾಯಿಯ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಡ್ಡ ಬರೆದು ತೋರಿಸಿದೆ. ಆಕೆ ಕೇಳಿದ್ದು ಒಂದೇ: "ಆ ಗುಡ್ಡ ನಮ್ಮನಿಯಿಂದ ಯಾವ ದಿಕ್ಕಿಗಿ ಬರತೈತಿ ಹೇಳ್ರಿ ಸಾಹೇಬ್ರ. ಆ ಕಡಿ ಮಾರಿ ಮಾಡಿ ದೀಪ ಹಚ್ತೀನಿ." ನೀನು ಎದ್ದು ಅಂಗಳಕ್ಕೆ ಹೋಗಿ ಕೈ ಚಾಚಿ ತೋರಿಸಿದೆ.

ದಿನ್ನೆಯ ಮೇಲಿನ ಆ ಕುದುರೆ ಸವಾರನ ವೀರಗಲ್ಲನ್ನು ಮೊದಲ ಸಲ ನೋಡಿದಾಗ ಒಂದು ತಾಸು ಅದರ ಸುತ್ತಲೇ ಸುತ್ತಿದೆ ನೀನು. ಕುರುಬರ ಕೊಟ್ರವ್ವ ಅದಕ್ಕೆ ಎಣ್ಣೆ ಹಚ್ಚಿ, ಹಡಗಲಿಯ ಮಲ್ಲಿಗೆ ಮುಡಿಸುತ್ತಿದ್ದಳು. ಕುದುರೆಯ ಮುಖ ಹೊಳೆಯ ಕಡೆಗಿದೆ, ಅಂದರೆ ಶತ್ರು ಹೊಳೆ ದಾಟಿ ಬಂದ, ಈ ಏರಿನಲ್ಲಿ ಅವನನ್ನು ತಡೆದರು ಅಂದೆ ನೀನು. ದಿನ್ನೆಯನ್ನು ನಡೆದೆ, ಮೊಣಕಾಲೂರಿ ಹೊಳೆಯ ಕಡೆ ಗುರಿ ಹಿಡಿದಂತೆ ನೋಡಿದೆ. ನೀನು ಹೇಳಿದ್ದಕ್ಕೆಲ್ಲ ನೆಲ ಒಪ್ಪಿತು, ಕೊನೆಯ ಅಧ್ಯಾಯ ಹುಟ್ಟಿತು. ನೆಲ ಒಪ್ಪುವುದು ಇಷ್ಟು ಸುಲಭವೇ? ಕೊಟ್ರವ್ವ ಮಾತ್ರ ನೀನು ಸರ್ವೇ ಇಲಾಖೆಯವನೆಂದು ತಿಳಿದು, ತನ್ನ ಹೊಲದ ಬದುವನ್ನೂ ಒಮ್ಮೆ ಅಳೆದು ಕೊಡಿ ಎಂದು ಗಂಟುಬಿದ್ದಿದ್ದಳು. ನೀನು ಅಳೆದೂ ಕೊಟ್ಟೆ. ಅಳತೆ ಪಕ್ಕದವನ ಪರವಾಗಿಯೇ ಬಂತು ಎಂದು ಈಗಲೂ ನಗುತ್ತಾಳೆ.

ಹೋದ ಸೋಮವಾರ ನಾನು ಫೋಟೊ ತೆಗೆಯುವಾಗ ಆಕೆ ನಿನ್ನ ಯೋಗಕ್ಷೇಮ ಕೇಳಿದಳು. ನೀನು ಇನ್ನಿಲ್ಲವೆಂದು ಹೇಳಿದೆ. ಸೆರಗು ಬಾಯಿಗೆ ಹಿಡಿದಳು. ಆಮೇಲೆ, ಏನೋ ಸಮಾಧಾನದ ಮಾತಿನ ಹಾಗೆ, "ನಮ್ಮಪ್ಪನೂ ಊರು ಬಿಟ್ಟು ಬಂದಾವನ" ಎಂದು ತಾನು ಅಪ್ಪನೆಂದು ಪೂಜಿಸುವ ಆ ಕಲ್ಲಿನ ಕಡೆ ನೋಡಿದಳು. ಡ್ಯಾಮಿನ ಹಿನ್ನೀರಿನಲ್ಲಿ ಅವರ ಹಳೆಯ ಊರು ಮುಳುಗಿದಾಗ, ಹೊಸ ಕಂಬಳಿ ಹಾಸಿ ಕಲ್ಲನ್ನು ಬಂಡಿಯಲ್ಲಿ ತಂದರಂತೆ. ದಾರಿಯುದ್ದಕ್ಕೂ ಯಾರೂ ಮಾತಾಡಬಾರದು. ಚಿಕ್ಕವಳಾಗಿದ್ದ ಈಕೆ ಬಂಡಿಯ ಹಿಂದೆ ಬಾಯಿಗೆ ಕೈ ಇಟ್ಟುಕೊಂಡೇ ನಡೆದಳಂತೆ. "ಮುಳುಗಿದ ಊರು ಕಾಣ್ಲಿ ಅಂತ ಹೊಳಿ ಕಡಿ ಮಾರಿ ಮಾಡಿ ನಿಲ್ಸೀವ್ರಿ," ಅಂದಳು.

ನಿನಗೆ ಯಾಕೆ ಇದನ್ನು ಹೇಳಲಿಲ್ಲ ಎಂದು ಆಕೆಯನ್ನು ಕೇಳಿದೆ. "ಸಾಹೇಬ್ರು ಎಲ್ಲಿ ಕೇಳಿದ್ರು? ತಾವ ಹೇಳಾಕತ್ತಿದ್ರು. ಅಷ್ಟು ದೊಡ್ಡಾವ್ರು ಬಿಸಲಾಗ ನಿಂತು ಹೇಳುವಾಗ ಅಲ್ಲ ಅನ್ನಾಕ ಆಕ್ಕೈತೇನ್ರಿ?"

ಕೂಡ್ಲಿಗಿಯ ಅಂಗಳದಲ್ಲಿ ಚಾಚಿದ ನಿನ್ನ ಕೈ ಕಣ್ಣ ಮುಂದೆ ಬಂತು. ಸತ್ತವನ ಕಡೆಗೆ ಮುಖ ತಿರುಗಿಸುವುದು ಎಂದರೇನೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಆ ಕುದುರೆಯ ಎದುರಿಗೆ ಶತ್ರುವನ್ನೇ ನಿಲ್ಲಿಸಿದೆ. ನೀನೂ ಒಬ್ಬನನ್ನು ಬೇರೆ ಗುಡ್ಡದ ಮೇಲೆ ಸಾಯಿಸಿದೆ, ಆ ವರದಿ ಬರೆದವರ ಹಾಗೆ.

ಈಗಷ್ಟೇ ಪ್ರೆಸ್ಸಿಗೆ ಹೇಳಿದೆ, ಮಾವ. ಒಂದಕ್ಷರವನ್ನೂ ಮುಟ್ಟಲಿಲ್ಲ, ಇಡೀ ಅಧ್ಯಾಯವನ್ನೇ ಪುಸ್ತಕದಿಂದ ತೆಗೆಸಿದೆ. ನೀನಿದ್ದಿದ್ದರೆ ಮೊದಲು ಬೈಯುತ್ತಿದ್ದೆ, ಆಮೇಲೆ ಮತ್ತೆ ಆ ನೆಲ ನಡೆಯಲು ಕೋಲು ಹುಡುಕುತ್ತಿದ್ದೆ. ಕೋಲು ನನ್ನ ಹತ್ತಿರ ಇದೆ. ಬೇಸಿಗೆಗೆ ನೀರು ಇಳಿದರೆ ಹಳೆಯ ಊರಿನ ಅಡಿಪಾಯಗಳು ಏಳುತ್ತವಂತೆ, ಕಲ್ಲು ನಿಂತಿದ್ದ ಕಟ್ಟೆಯೂ. ಕೊಟ್ರವ್ವ ದಾರಿ ತೋರಿಸುತ್ತೇನೆ ಅಂದಿದ್ದಾಳೆ. ನಿನ್ನ ಹಾಗೆ ನೆಲ ಓದಲು ನನಗೆ ಬರುವುದಿಲ್ಲ. ನಡೆಯುತ್ತೇನೆ, ಅವಳನ್ನು ಕೇಳುತ್ತ.