ಆಬ್ಜೆಕ್ಟ್ ಎಂಬ ಪದಕ್ಕೆ ಎರಡು ಅರ್ಥ

೧೮ ನವೆಂಬರ್ ೧೯೭೯, ಭಾನುವಾರ. ಹುಲ್ಲಹಳ್ಳಿ.

ಇನ್ನೂ ನಗು ತಡೆಯಲಾಗುತ್ತಿಲ್ಲ.

ನನ್ನನ್ನು ನೋಡಲು ಟಿ. ನರಸೀಪುರದಿಂದ ಬಂದ ಗಂಡು ಇಂಗ್ಲಿಷ್ ಎಂ.ಎ. ಓದಿದವನು. ಉಪ್ಪಿಟ್ಟು ತಿನ್ನುತ್ತಲೇ, "ಮದುವೆ ಆದ್ಮೇಲೆ ಕಾಲೇಜು ಬಿಡ್ಬೇಕು" ಎಂದ. ಆಮೇಲೆ ಅವನು ನನ್ನ ಇಂಗ್ಲಿಷನ್ನು ಪರೀಕ್ಷಿಸಲು ಹೊರಟ.

"ಆಬ್ಜೆಕ್ಟ್ ಅಂದ್ರೇನು?"

"ಅದಕ್ಕೆ ಎರಡರ್ಥ. ಮೊದಲಲ್ಲಿ ಒತ್ತಿ ಹೇಳಿದ್ರೆ ವಸ್ತು. ಕೊನೇಲಿ ಒತ್ತಿದ್ರೆ ಒಪ್ಪಲ್ಲ ಅನ್ನೋದು. ನೀವು ಮೊದಲನೇದನ್ನ ನೋಡೋಕೆ ಬಂದಿದ್ದೀರಿ. ನಾನು ಎರಡನೇದನ್ನ ಹೇಳ್ತಾ ಇದ್ದೀನಿ."

ಅವನ ತಾಯಿ ಮಗನನ್ನು ತಿವಿದರು. "ಏನಂದ್ಲು ಕಣ್ಲಾ?"

ಅಪ್ಪನೇ ಎದ್ದು ನಿಂತು ಹೇಳಿದರು: "ನಮ್ಮುಡ್ಗಿ ಒಲ್ಲೆ ಅಂದ್ಲು ಕಣವ್ವಾ. ಅವಳು ಓದ್ಲಿ. ನನ್ ಮಾತೂ ಅದೇಯ."

ಅವರು ಹೋದ ಮೇಲೆ ಅವ್ವ ಸಿಡುಕುತ್ತಲೇ ಇದ್ದಳು. ರುದ್ರಮ್ಮಜ್ಜಿ ಮಾತ್ರ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಪದವನ್ನು ಮತ್ತೆ ಮತ್ತೆ ಹೇಳಿಸಿ ಕಲಿತಳು.

"ಆಗ್ಲೇ ಗೊತ್ತಿದ್ದಿದ್ರೆ ನಿಮ್ ತಾತುಂಗೇ ಏಳ್ತಿದ್ದೆ ಕಣೆ!"

ಕಣ್ಣು ಎಳೆಯುತ್ತಿದೆ. ನಾಳೆ ಬೆಳಿಗ್ಗೆ ಬಸ್ಸು ಹಿಡಿದು ನಂಜನಗೂಡಿಗೆ, ನನ್ನ ಕಾಲೇಜಿಗೆ.