ಒಂದು ಚಮಚ ಲಫೆ ತಿಂದು ಬಂದ ಸಚಿವರಿಗೆ

ಮಾನ್ಯ ವಿದೇಶಾಂಗ ಸಚಿವರೇ,

ಬರ್ಮಾದ ಸೇನಾಧಿಪತಿಯ ಪಕ್ಕದಲ್ಲಿ ಕುಳಿತು ನೀವು ಒಂದು ಚಮಚ ಲಫೆ ತಿಂದಿರಿ. ನನ್ನ ದೂರು ಇದೇ. ತಿಂಡಿಯ ವಿಷಯಕ್ಕೂ ಬಹಿರಂಗ ಪತ್ರವೇ ಎಂದು ನಿಮ್ಮ ಕಚೇರಿಯವರು ನಗಬಹುದು. ಮೋಯ್ ನದಿಯ ಈ ದಡದಲ್ಲಿ, ನಮ್ಮ ಥಾಯ್ ಗಡಿಯೂರು ಮೇ ಸೋಟ್‌ನಲ್ಲಿ, ಟಿವಿಯಲ್ಲಿ ಅದನ್ನು ನೋಡಿದವರು ಯಾರೂ ನಗಲಿಲ್ಲ.

ನಮ್ಮ ನೂಡಲ್ ಅಂಗಡಿಗೆ ಅಂಟಿಕೊಂಡೇ ಖಿನ್ ಲೇ ಅತ್ತೆಯ ಚಹಾದಂಗಡಿ ಇದೆ. ಆಕೆ ಬರ್ಮಾದವರು, ನಾನು ಅತ್ತೆ ಎಂದೇ ಕರೆದು ಬೆಳೆದವಳು. ಅಲ್ಲಿಯ ಸೈನ್ಯ ಹುಡುಗರನ್ನು ಹಿಡಿದು ಬಂದೂಕು ಕೊಟ್ಟು ಯುದ್ಧಕ್ಕೆ ದೂಡತೊಡಗಿದಾಗ ಆಕೆಯ ಮಗ ಲ್ವಿನ್ ಊ ನದಿ ದಾಟಿ ಅಮ್ಮನ ಬಳಿ ಬಂದ. ಹೋದ ತಿಂಗಳು ಅಂಗಡಿಗೆ ಸಕ್ಕರೆ ತರಲು ಹೋದವನನ್ನು, ಗುರುತಿನ ಚೀಟಿ ಇಲ್ಲವೆಂದು ನಮ್ಮ ಪೊಲೀಸರು ಹಿಡಿದರು. ಅಂದಿನಿಂದ ಅವನು ಲಾಕಪ್ಪಿನಲ್ಲಿದ್ದಾನೆ. ಅಲ್ಲಿಯ ಅಧಿಕಾರಿ ಅತ್ತೆಗೆ ಹೇಳಿದ್ದು ಇಷ್ಟು: "ಅಮ್ಮಾ, ಸಚಿವರು ಹೋಗಿ ಬರ್ಲಿ. ಏನು ಮಾತಾಡ್ಕೊಂಡು ಬರ್ತಾರೋ ನೋಡೋಣ. ಅಲ್ಲೀವರೆಗೂ ನಿಮ್ ಹುಡುಗನ್ನ ಎಲ್ಲೂ ಕಳ್ಸಲ್ಲ."

ನಿಮ್ಮ ಪ್ರವಾಸವನ್ನು ನಾವು ಕಣ್ಣು ಮಿಟುಕಿಸದೆ ನೋಡಿದ್ದು ಇದೇ ಕಾರಣಕ್ಕೆ. ದೇಶಭಕ್ತಿಯೆಂದು ತಪ್ಪು ತಿಳಿಯಬೇಡಿ.

ನಿಮ್ಮನ್ನು ಟಿವಿಯಲ್ಲಿ ತೋರಿಸಿದ ದಿನ ಅತ್ತೆ ತಮ್ಮ ಕಡೆಯ ಹೆಂಗಸರು ಉಡುವ ಹೊಸ ಲುಂಗಿ ಉಟ್ಟು, ಮೆರುಗೆಣ್ಣೆಯ ದುಂಡು ತಟ್ಟೆಯನ್ನು ಸಿದ್ಧ ಮಾಡಿಟ್ಟಿದ್ದರು. ನಡುವೆ ಲಫೆ, ಅಂದರೆ ಹುಳಿ ಬರಿಸಿದ ಚಹಾ ಎಲೆ. ಸುತ್ತ ಹುರಿದ ಬೆಳ್ಳುಳ್ಳಿ, ಎಳ್ಳು, ಕಡಲೆಕಾಯಿ, ಒಣ ಸಿಗಡಿ. ಮೇಲೆ ಮುಚ್ಚಳ. ನಮ್ಮಪ್ಪ ಬಂದವರೇ ಮುಚ್ಚಳಕ್ಕೆ ಕೈ ಹಾಕಿದರು.

"ಏನಕ್ಕಾ, ಮುಚ್ಚಿಟ್ಕೊಂಡು ಪೂಜೆ ಮಾಡ್ತೀಯಾ? ಒಂಚೂರು ಕೊಡು."

"ಕೈ ತೆಗಿ ತಮ್ಮಾ. ಮಗನ ವಿಷ್ಯ ತೀರ್ಮಾನ ಆಗ್ಲಿ. ಆಮೇಲೇ ತಿನ್ನೋದು."

ಮಾನ್ಯರೇ, ಆ ದಡದಲ್ಲಿ ಮನೆಗೆ ಬಂದವರಿಗೆಲ್ಲ ಲಫೆ ಕೊಡುತ್ತಾರೆ, ನಿಜ. ಆದರೆ ಜಗಳವೊಂದು ಪಂಚಾಯಿತಿಗೆ ಬಂದಾಗ ಅದರ ಅರ್ಥವೇ ಬೇರೆ. ತೀರ್ಪಾದ ಮೇಲೆ ಎರಡೂ ಕಡೆಯವರು ಒಂದೇ ತಟ್ಟೆಯಿಂದ ಲಫೆ ತಿಂದರೆ, ಒಪ್ಪಿದೆವು, ಇನ್ನು ನಮ್ಮದೇನೂ ದೂರಿಲ್ಲ ಎಂದು ಅರ್ಥ. ಇದು ಹಳೆಯ ಪದ್ಧತಿ. ಈಗ ನಡೆಸುವವರು ಕಡಿಮೆ, ಮರೆತವರು ಯಾರೂ ಇಲ್ಲ. ಸೇನಾಧಿಪತಿಯಂತೂ ಮರೆತಿಲ್ಲ. ಇಲ್ಲದಿದ್ದರೆ ಅವರ ಟಿವಿ ನಿಮ್ಮ ಮಾತನ್ನೆಲ್ಲ ಕತ್ತರಿಸಿ ಆ ಚಮಚವನ್ನೇ ಮತ್ತೆ ಮತ್ತೆ ಏಕೆ ತೋರಿಸುತ್ತಿತ್ತು? ನಿಮ್ಮೊಡನೆ ವಿಮಾನ ಹತ್ತಿದ ತಜ್ಞರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಸುಮ್ಮನಿದ್ದರೇ? ಎರಡರಲ್ಲಿ ಯಾವುದು ಕಡಿಮೆ ಅವಮಾನವೋ ನೀವೇ ಆರಿಸಿಕೊಳ್ಳಿ.

"ನೋಡು ದೊಡ್ಡಮ್ಮ, ಎಷ್ಟು ಚೆನ್ನಾಗಿ ಅಗೀತಿದಾರೆ. ಬೆಳ್ಳುಳ್ಳೀನೂ ಬಿಡ್ಲಿಲ್ಲ," ಎಂದು ಟಿವಿಯಲ್ಲಿ ನಿಮ್ಮನ್ನು ತೋರಿಸುತ್ತ ಅತ್ತೆಗೆ ಹೇಳಿದ, ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಸೈಕಲ್ ರಿಪೇರಿಯವನು.

"ಪಾಪ, ಹಸಿದಿದ್ರೇನೋ," ಎಂದರು ಅಪ್ಪ.

"ಹಸಿದಿದ್ರೆ ಅನ್ನ ಕೇಳ್ಬೇಕಿತ್ತು," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದರು. "ಪುಟ್ಟಿ, ನೀನು ಓದಿರೋಳು. ಹುಡುಗರ ಬಗ್ಗೆ ಏನಾದ್ರೂ ಅಂದ್ರಾ? ಸರಿಯಾಗಿ ಕೇಳಿ ಹೇಳೇ."

ಟಿವಿಯಲ್ಲಿ ನಿಮ್ಮ ಜಂಟಿ ಹೇಳಿಕೆಯನ್ನು ಓದುತ್ತಿದ್ದರು: ದಾಖಲೆಗಳಿಲ್ಲದ ನಾಗರಿಕರನ್ನು ಉಭಯ ದೇಶಗಳು ಸ್ನೇಹಭಾವದಿಂದ ಹಿಂದಿರುಗಿಸುವುವು, ಎಂದು. ಸಾಹಿತ್ಯ ಓದಿ ಪದವಿ ಪಡೆದವಳು ನಾನು. ಈ ವಾಕ್ಯವನ್ನು ಒಬ್ಬ ತಾಯಿಗೆ ಮೆತ್ತಗೆ ಹೇಳುವ ದಾರಿ ನನಗೆ ಸಿಗಲಿಲ್ಲ. "ವಾಪಸ್ ಕಳಿಸ್ತಾರಂತೆ ಅತ್ತೆ," ಎಂದೆ. ಆಕೆ ತಟ್ಟೆ ಎತ್ತಿ ಒಳಗಿಟ್ಟರು.

ಸ್ನೇಹಭಾವ! ನಮ್ಮೂರಿನ ಸೇತುವೆಗೂ ಸ್ನೇಹದ್ದೇ ಹೆಸರು. ಅದರ ಆ ತುದಿಯಲ್ಲಿ ಸೈನ್ಯದ ಟ್ರಕ್ಕು ನಿಂತಿರುತ್ತದೆ. ಹಿಂದಿರುಗಿದ ಹುಡುಗರು ನೇರ ಅದಕ್ಕೇ ಹತ್ತುತ್ತಾರೆ. ಮಾತುಕತೆ ಆತ್ಮೀಯವಾಗಿತ್ತು ಎಂದಿರಿ. ಅವರು ಬಾಂಬು ಹಾಕಿದ ಹಳ್ಳಿಗಳ ಹೊಗೆ ನಮ್ಮ ಮಾಳಿಗೆಗೆ ಕಾಣುತ್ತಿತ್ತು. ಆತ್ಮೀಯತೆ ಅಷ್ಟು ದೂರದಿಂದ ನಮಗೆ ಕಾಣಲಿಲ್ಲ, ಕ್ಷಮಿಸಿ. ನೆರೆಯವರೊಡನೆ ಮಾತೇ ಬೇಡ ಎನ್ನುತ್ತಿಲ್ಲ. ಗಡಿಯಲ್ಲಿ ಬದುಕುವವರಿಗೆ ಅದರ ಅಗತ್ಯ ನಿಮಗಿಂತ ಚೆನ್ನಾಗಿ ಗೊತ್ತು. ಆದರೆ ಸಂಧಾನಕ್ಕೆಂದು ಹೋದವರು, ಏಟು ತಿಂದವರ ಪರವಾಗಿ ತಾವೇ ಒಪ್ಪಿ, ತಾವೇ ತಿಂದು, ಬಾಯಿ ಒರೆಸಿಕೊಂಡು ಬರಬಹುದೇ?

ನಿನ್ನೆ ಲಾಕಪ್ಪಿನ ಅಧಿಕಾರಿ ಕಣ್ಣು ತಪ್ಪಿಸಿ ಹೇಳಿದರು: "ಮುಂದಿನ ತಂಡದಲ್ಲಿ ಇವನೂ ಇದಾನಮ್ಮಾ. ನಾನೇನ್ ಮಾಡ್ಲಿ? ದೊಡ್ಡೋರು ಒಪ್ಕೊಂಡು ಬಂದಿದಾರೆ."

"ದೊಡ್ಡೋರು ಒಪ್ಕೊಂಡ್ರು. ನನ್ನನ್ನ ಯಾರಪ್ಪಾ ಕೇಳಿದ್ರು?" ಎಂದರು ಅತ್ತೆ.

ಆ ಪ್ರಶ್ನೆಯನ್ನು ನಿಮಗೆ ತಲುಪಿಸುತ್ತಿದ್ದೇನೆ. ಆ ತಂಡ ಸೇತುವೆ ಹತ್ತುವ ಮೊದಲು ನಿಮ್ಮ ಹೇಳಿಕೆಯ ಆ ಒಂದು ವಾಕ್ಯವನ್ನು ಹಿಂತೆಗೆದುಕೊಳ್ಳಿ. ಲ್ವಿನ್ ಊನನ್ನೂ ಅವನ ಜೊತೆಗಿರುವವರನ್ನೂ ಆ ಟ್ರಕ್ಕಿಗೆ ಒಪ್ಪಿಸುವುದಿಲ್ಲ ಎಂದು ಸಾರ್ವಜನಿಕವಾಗಿ ಹೇಳಿ. ಆಮೇಲೆ ನಮ್ಮ ಬೀದಿಗೂ ಒಮ್ಮೆ ಬನ್ನಿ. ಸಚಿವರು ಬಂದರೆ ಅವರಿಗೆ ಏನು ಕೊಡುತ್ತೀರಿ ಎಂದು ಅತ್ತೆಯನ್ನು ಕೇಳಿದೆ.

"ಟೀ ಕೊಡ್ತೀನಿ," ಎಂದರು. "ಲಫೆ, ಮಗ ಬಂದ್ಮೇಲೆ."

ಇಂತಿ,
ಇನ್ನೂ ತಿನ್ನದವರ ಕಡೆಯವಳು,
ಪಿಮ್‌ಚನೋಕ್
ನೂಡಲ್ ಅಂಗಡಿಯವರ ಮಗಳು, ಮೇ ಸೋಟ್