ಪೊನ್ನಿಗೆ ಗುಲ್ಮವಿಲ್ಲ

ಫೆಬ್ರವರಿ ಮೂವತ್ತು, ೨೪೧೯
ಕೋಲಾರದ ಹಳೆಯ ಗಣಿ, ನಾಲ್ಕನೇ ಅಂತಸ್ತು

ಪ್ರೀತಿಯ ಪೂರ್ವಿಕರೇ,

ತಾರೀಖು ನೋಡಿ ಬೆಚ್ಚಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಶಾಲೆಯಲ್ಲಿ ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಅಜ್ಜಿಯಿಂದ ಬಂದದ್ದು. ಮೊದಲು ಸಿಹಿ ಸುದ್ದಿ: ನನಗೆ ಮದುವೆಯಾಗಿದೆ! ಗಂಡನ ಹೆಸರು ಅರುಳಪ್ಪ. ಅವನು ನಕ್ಕರೆ ಸುರಂಗದ ದೀಪಗಳೆಲ್ಲ ದಂಡ ಅನ್ನಿಸುತ್ತದೆ. ಇಲ್ಲಿ ಹೊಸ ಜೋಡಿಗೆ ಒಂದು ಹಿಂದೋಲೆ ಸಿಗುತ್ತದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ಬದುಕಿಗೆಲ್ಲ ಒಂದೇ. ಎಲ್ಲರೂ ಅದರಲ್ಲಿ ಆಶೀರ್ವಾದ ಬೇಡುತ್ತಾರೆ. ನಾವು ನಮ್ಮ ಕತ್ತೆಯ ವಿಷಯ ಬರೆಯುತ್ತಿದ್ದೇವೆ.

ಮೇಲಿನ ನೆಲ ಸುಡುವುದರಿಂದ ನಾವು ಗಣಿಯೊಳಗೆ ಬದುಕುತ್ತೇವೆ. ಆಳದ ನೀರನ್ನು ಮನೆಮನೆಗೆ ಎಳೆದು ತರುವುದು ಕತ್ತೆಗಳು. ನನ್ನ ಜೊತೆ ತವರಿನಿಂದ ಬಂದ ಕತ್ತೆ ಪೊನ್ನಿ, ಈಗ ತುಂಬು ಗಬ್ಬ. ಇಲ್ಲಿನ ಯಾವ ಕತ್ತೆಗೂ ಗುಲ್ಮವಿಲ್ಲ. ನಿಮ್ಮ ಕತ್ತೆಗಳ ಹೊಟ್ಟೆಯ ಎಡಗಡೆ, ಜಠರದ ಪಕ್ಕ, ಕುಡುಗೋಲಿನಂತೆ ಬಾಗಿದ ನೀಲಿಗೆಂಪು ಅಂಗವೊಂದಿದೆಯಲ್ಲ, ಅದೇ. ಓಡುವಾಗ ಅದು ತನ್ನನ್ನು ತಾನೇ ಹಿಂಡಿಕೊಂಡು, ಕೂಡಿಟ್ಟ ರಕ್ತವನ್ನು ಮೈಗೆಲ್ಲ ಕೊಡುತ್ತದಂತೆ. ಎಷ್ಟು ಚಂದ! ನಿಮ್ಮ ನಂತರದವರು, ಉಣುಗು ಕಚ್ಚಿ ಬರುವ ಜ್ವರದಲ್ಲಿ ಗುಲ್ಮ ಊದಿ ಒಡೆದು ಕತ್ತೆಗಳು ಸತ್ತಾಗ, ಆ ಅಂಗವೇ ಬೆಳೆಯದ ತಳಿಯನ್ನು ಮಾಡಿದರು. ಸಭೆ ಸೇರಿ, ಕೈಯೆತ್ತಿ ಒಪ್ಪಿದರು.

ಈಗ ಪ್ರತಿ ಕತ್ತೆಯ ಪಕ್ಕೆಗೆ ಹೊರಗುಲ್ಮ ಕಟ್ಟುತ್ತೇವೆ. ತೆಂಗಿನಕಾಯಿ ಗಾತ್ರದ ಚೀಲ, ರಕ್ತ ಅದರೊಳಗೆ ಹರಿದು ಸೋಸಿಕೊಂಡು ಬರುತ್ತದೆ. ಅದನ್ನು ಬದಲಿಸುವುದೇ ಅರುಳಪ್ಪನ ಕಸುಬು. ಪೊನ್ನಿಯ ಚೀಲ ಬದಲಿಸಲು ಬಂದಾಗ ನಾನು ಅವನನ್ನು ಮೊದಲು ನೋಡಿದ್ದು. ಒಂದು ಚೀಲಕ್ಕೆ ಇಡೀ ಬೆಳಗು ತೆಗೆದುಕೊಂಡ, ಕಳ್ಳ! ಆದರೆ ಚೀಲ ಗುಲ್ಮದ ಅರ್ಧ ಕೆಲಸವನ್ನಷ್ಟೇ ಬಲ್ಲದು. ನಿಜವಾದ ಗುಲ್ಮದಲ್ಲಿ ಕೆಂಪು ತಿರುಳು ಮುದಿ ರಕ್ತಕಣಗಳನ್ನು ಸೋಸಿ ತೆಗೆಯುತ್ತದೆ. ಅದರ ನಡುವೆ, ಸಣ್ಣ ಅಪಧಮನಿಗಳ ಸುತ್ತ, ಬಿಳಿ ತಿರುಳು ಚುಕ್ಕಿಚುಕ್ಕಿಯಾಗಿರುತ್ತದೆ. ಅಲ್ಲಿನ ಬಿಳಿ ಕಣಗಳು ರಕ್ತದಲ್ಲಿ ಬಂದ ರೋಗಾಣುವಿನ ಗುರುತು ಹಿಡಿದು, ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸಿ, ಮುಂದಿನ ಸಲಕ್ಕೆಂದು ನೆನಪಿಟ್ಟುಕೊಳ್ಳುತ್ತವೆ. ಎರಡು ತಿರುಳುಗಳ ಅಂಚಿನಲ್ಲಿ ಕಾವಲು ಕಣಗಳಿವೆ. ಜಾರುವ ಹೊದಿಕೆ ಹೊದ್ದ ರೋಗಾಣುವನ್ನೂ ಅವು ಹಿಡಿಯುತ್ತವೆ. ನಮ್ಮ ಚೀಲ ಸೋಸುತ್ತದೆ, ಕಲಿಯುವುದಿಲ್ಲ.

ಚೀಲದ ಬಣ್ಣ ನೋಡಿಯೇ ಆರೋಗ್ಯ ಹೇಳುವುದು ನಮ್ಮೂರಿನ ರೂಢಿ. ನಿನ್ನೆ ಬೆಳಿಗ್ಗೆ ಪೊನ್ನಿ ಮೇವು ಮುಟ್ಟಲಿಲ್ಲ, ಕಿವಿ ಸುಡುತ್ತಿತ್ತು. ಅತ್ತೆ ಚಿನ್ನಕ್ಕ ಬಂದು ಚೀಲ ನೋಡಿದರು. “ಫಳಫಳ ಅಂತೈತಲ್ಲೇ! ನಿನ್ ಕತ್ತೇನೂ ನಿನ್ ಥರಾನೇ ನಖರಾ ಮಾಡ್ತೈತೆ, ಹೊಡ್ಕೊಂಡ್ ಓಗು” ಎಂದರು. ಎಲ್ಲರೂ ನಕ್ಕೆವು. ಮಧ್ಯಾಹ್ನ ಅವಳು ನೀರಿನ ಬಂಡಿಯ ಮುಂದೆಯೇ ಕುಸಿದಳು. ಹೊದಿಕೆಯ ರೋಗಾಣು, ಚೀಲದಿಂದ ಸಲೀಸಾಗಿ ತೂರಿಹೋಗಿದೆ. ಔಷಧಿ ಹಾಕಿದ ವೈದ್ಯೆ ನನ್ನ ಮುಖ ನೋಡದೆ ಎದ್ದು ಹೋದರು. ಹೊಟ್ಟೆಯಲ್ಲಿ ಮರಿ ಇನ್ನೂ ಒದೆಯುತ್ತಿದೆ. ಅದಕ್ಕೂ ಗುಲ್ಮವಿಲ್ಲ.

ನನ್ನ ಬೇಡಿಕೆ ಇಷ್ಟೇ. ಆ ಸಭೆ ಸೇರುವವರು ನಿಮ್ಮ ಮೊಮ್ಮಕ್ಕಳು. ಊದಿದ ಗುಲ್ಮ ಏನನ್ನು ಹಿಡಿಯಲು ಹೋಗಿ ಊದಿತು ಎಂದು ಕೇಳುವುದನ್ನು ಅವರಿಗೆ ಈಗಲೇ ಕಲಿಸಿ. ಒಬ್ಬರಾದರೂ ಕೈ ಕೆಳಗಿಡಲಿ.

ನೀವು ನನ್ನ ಮಾತು ನಡೆಸಿಕೊಟ್ಟರೆ ಚೀಲಗಳೇ ಇರುವುದಿಲ್ಲ. ಚೀಲ ಬದಲಿಸುವವನೊಬ್ಬ ನನ್ನ ತವರಿಗೆ ಬರುವುದೂ ಇಲ್ಲ. ಇದನ್ನು ಅರುಳಪ್ಪನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಅವನೇ ಹೇಳಿದ. ಪೊನ್ನಿಯ ತಲೆ ಅವನ ತೊಡೆಯ ಮೇಲಿತ್ತು.

“ಬರಿಯಮ್ಮಿ. ಚೀಲ ಇಲ್ಲಾಂದ್ರೆ ನೀರ್ ಕೇಳ್ಕಂಡಾದ್ರೂ ಬತ್ತೀನಿ ನಿಮ್ಮನೆ ಬಾಗ್ಲಿಗೆ.”

ಬಂದರೆ ಗುರುತು ಹಿಡಿಯುತ್ತೇನೋ ಇಲ್ಲವೋ. ಪತ್ರಕ್ಕೆ ಇಬ್ಬರೂ ಸಹಿ ಹಾಕಿದ್ದೇವೆ. ಮರಿ ಒದೆಯುತ್ತಿರುವಾಗಲೇ ಕಳಿಸುತ್ತಿದ್ದೇನೆ.

ನಿಮ್ಮ,
ಹೈಮಾ ಅರುಳಪ್ಪ (ಈ ಹೆಸರು ಬರೆಯಲು ಎಷ್ಟು ಖುಷಿಯಾಗುತ್ತದೆ, ಗೊತ್ತೇ)